ಒಗೆಯುವ ಕೋಣೆಯ ಕಿಟಕಿ

ಬಡಗಿ ಗಾದಿಲಿಂಗಪ್ಪ ಮೂರನೆಯ ಸಲ ಬಂದು ಅಳತೆ ಟೇಪು ಬಿಚ್ಚಿದಾಗಲೂ ಉಚ್ಚೆಂಗಮ್ಮ ಹೇಳಿದ್ದು ಅದೇ ಮಾತು. "ನಾಳಿ ಹೇಳ್ತೀನಿ."

"ಏನವ್ವಾ ನಿಂದು, ಬಟ್ಟಿ ಒಗಿಯೋ ಖೋಲಿಗೆ ಇಷ್ಟು ಇಚಾರ? ಮಗಳಿಗೆ ಗಂಡು ನೋಡೋರು ಸೈತ ಇಷ್ಟು ದಿನ ತಗಳಂಗಿಲ್ಲ" ಎಂದು ಅವನು ಟೇಪನ್ನು ಮತ್ತೆ ಜೇಬಿಗೆ ಹಾಕಿಕೊಂಡ.

ಅವನು ಹೇಳಿದ್ದರಲ್ಲಿ ತಪ್ಪೇನಿದೆ? ಹತ್ತಡಿ ಉದ್ದ, ಎಂಟಡಿ ಅಗಲದ ಕೋಣೆ. ಮೇಲೆ ಸಿಮೆಂಟ್ ಶೀಟು, ಮೂಲೆಯಲ್ಲಿ ಮೋರಿ. ಗೋಡೆ ಎದ್ದು ಹದಿನೈದು ದಿನವಾಗಿತ್ತು. ಬಾಗಿಲು ಎಲ್ಲಿ, ಕಿಟಕಿ ಎಲ್ಲಿ ಅಂತ ಈಕೆ ಬಾಯಿ ಬಿಡದೇ ಇದ್ದದ್ದಕ್ಕೆ ಗೌಂಡಿ ಬೇಸತ್ತು, ರಸ್ತೆ ಕಡೆಗೊಂದು ಖಾಲಿ ಜಾಗ, ಹಿಂದೆ ಗುಡ್ಡದ ಕಡೆಗೊಂದು ದೊಡ್ಡ ಖಾಲಿ ಜಾಗ ಬಿಟ್ಟು, ಮಿಕ್ಕ ಬ್ಲಾಕುಗಳನ್ನು ಅಂಗಳದಲ್ಲೇ ಪೇರಿಸಿ ಹೋಗಿದ್ದ. ತಲೆ ನೆಟ್ಟಗಿರುವ ಯಾರೇ ಆಗಲಿ ಏನು ಮಾಡುತ್ತಾರೆ? ರಸ್ತೆ ಕಡೆಯದನ್ನು ಮುಚ್ಚುತ್ತಾರೆ. ಬಾಗಿಲು ಕಿಟಕಿ ಎರಡನ್ನೂ ಹಿಂದಕ್ಕೆ ಇಡುತ್ತಾರೆ. ಗಾದಿಲಿಂಗಪ್ಪನೂ ಅದನ್ನೇ ಹೇಳಿದ್ದ, ಒಂದಲ್ಲ, ಮೂರು ಸಲ.

ಯಾಕೆಂದರೆ ಊರು ವಡ್ಡು, ಇಸವಿ ಎರಡು ಸಾವಿರದ ಏಳು. ಸಂಡೂರಿನ ಗುಡ್ಡಗಳಿಂದ ಅದಿರು ತುಂಬಿದ ಲಾರಿಗಳು ತೋರಣಗಲ್ಲಿನ ಕಡೆಗೆ ಹಗಲೆಲ್ಲ ಒಂದರ ಬಾಲ ಹಿಡಿದು ಇನ್ನೊಂದು ಹೋಗುತ್ತಿದ್ದವು. ಅವುಗಳ ಧೂಳಿಗೆ ಬೇವಿನ ಎಲೆ ಕೆಂಪು, ಎಮ್ಮೆಯ ಬೆನ್ನು ಕೆಂಪು, ಮುಚ್ಚಳ ತೆಗೆದರೆ ಉಪ್ಪಿನ ಡಬ್ಬಿಯೂ ಕೆಂಪು. ಬೆಳಿಗ್ಗೆ ತಂತಿಗೆ ಹಾಕಿದ ಬಿಳಿ ಅಂಗಿ ಮಧ್ಯಾಹ್ನಕ್ಕೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಉಚ್ಚೆಂಗಮ್ಮನ ಹೊಟ್ಟೆಪಾಡು ಬಿಳಿ ಬಟ್ಟೆಯದ್ದೇ. ನರ್ಸಮ್ಮಗಳ ಸೀರೆ, ಮೇಷ್ಟ್ರುಗಳ ಅಂಗಿ, ಮಕ್ಕಳ ಶನಿವಾರದ ಯೂನಿಫಾರ್ಮು. ಒಗೆದದ್ದನ್ನು ಒಳಗೇ ಒಣಗಿಸದೆ ಬೇರೆ ದಾರಿಯಿರಲಿಲ್ಲ. ಅದಕ್ಕಾಗಿಯೇ ಈ ಕೋಣೆ.

ಇಷ್ಟೆಲ್ಲ ಅವಳಿಗೂ ಗೊತ್ತು. ಆದರೆ ರಸ್ತೆ ಕಡೆಯ ಜಾಗ ಮುಚ್ಚಿಬಿಟ್ಟರೆ ಎದುರು ಮನೆಯ ಕಿಟಕಿ ಕಾಣುವುದಿಲ್ಲ. ಅದು ಕರೆಮ್ಮನ ಕಿಟಕಿ. ಅವಳಿಗೆ ಅಂಟಿಕೊಂಡಿದ್ದ ಸಂಕಟ ಇದೊಂದೇ. ಅದನ್ನು ಬಡಗಿಯ ಮುಂದೆ ಹೇಳಲು ನಾಚಿಕೆ.

ಉಚ್ಚೆಂಗಮ್ಮ, ಕರೆಮ್ಮ ಇಬ್ಬರೂ ಆರು ತಿಂಗಳ ಅಂತರದಲ್ಲಿ ಆ ಊರಿಗೆ ಸೊಸೆಯರಾಗಿ ಬಂದವರು. ಉಚ್ಚೆಂಗಮ್ಮನಿಗೆ ಮಕ್ಕಳಾಗಲಿಲ್ಲ, ಗಂಡನೂ ಬಹುಬೇಗ ತೀರಿಕೊಂಡ. ಅವಳು ಊರವರ ಬಟ್ಟೆ ಒಗೆಯಲು ಹಿಡಿದಾಗ, ಹಿಂಡುವುದಕ್ಕೆ ಕೈ ಕೊಟ್ಟವಳು ಕರೆಮ್ಮ. ಅಂಗಿ ಸೀರೆಯನ್ನು ಒಬ್ಬಳೇ ಹಿಂಡಬಹುದು. ಜಮಖಾನ, ರಗ್ಗು, ದಪ್ಪ ಚಾದರ ಹಿಂಡುವುದಕ್ಕೆ ಎರಡು ಜನ ಬೇಕೇ ಬೇಕು. ಆ ತುದಿ ಒಬ್ಬರು, ಈ ತುದಿ ಒಬ್ಬರು, ಅವರು ಬಲಕ್ಕೆ ತಿರುವಿದರೆ ಇವರು ಎಡಕ್ಕೆ. ಕರೆಮ್ಮನದು ಉಡದ ಹಿಡಿತ. ನಡುವೆ ಬೇಕೆಂದೇ ಒಮ್ಮೆ ಜಗ್ಗಿಬಿಡುತ್ತಿದ್ದಳು, ಉಚ್ಚೆಂಗಮ್ಮ ಮುಗ್ಗರಿಸಿ ಒದ್ದೆ ನೆಲಕ್ಕೆ ಕೂತುಬಿಡುತ್ತಿದ್ದಳು. "ಲೇ ಚೆಂಗೀ, ಉಂಡೀಯೋ ಇಲ್ಲೋ ಇವತ್ತು?" ಎಂದು ನಗುತ್ತಿದ್ದಳು ಆ ಹೆಂಗಸು. ಇಪ್ಪತ್ತು ವರ್ಷ ಇದೇ ಆಟ. ರಗ್ಗು ಹಿಂಡುತ್ತ ಅವರು ಆಡದ ಮಾತಿಲ್ಲ, ಬೈಯದ ಅತ್ತೆಯಿಲ್ಲ.

ಒಗೆತ ಮುಗಿಯುತ್ತಿದ್ದಂತೆ ಉಚ್ಚೆಂಗಮ್ಮ ಜಗಲಿಗೆ ಬಂದು ರಸ್ತೆಯಾಚೆ ನೋಡುತ್ತಿದ್ದಳು. ಕರೆಮ್ಮನ ಕಿಟಕಿಯ ಮೂರನೆಯ ಸರಳು ಬಗ್ಗಿತ್ತು. ಅವಳ ಮಗ ಹೊನ್ನೂರುಸ್ವಾಮಿ ನಾಲ್ಕು ವರ್ಷದವನಿದ್ದಾಗ ಸರಳುಗಳ ನಡುವೆ ತಲೆ ತೂರಿಸಿ ಸಿಕ್ಕಿಹಾಕಿಕೊಂಡಿದ್ದ. ಕಿವಿಗೆ ಹರಳೆಣ್ಣೆ ಹಚ್ಚಿದರೂ ತಲೆ ಬರಲಿಲ್ಲ. ಕಡೆಗೆ ಉಚ್ಚೆಂಗಮ್ಮನೇ ಹಾರೆ ಕೊಟ್ಟು ಮೀಟಿ ಬಿಡಿಸಿದ್ದಳು. ಅಂದಿನಿಂದ ಆ ಸಂದಿನಲ್ಲಿ ಕರೆಮ್ಮನ ಕೈ ಮೊಳಕೈವರೆಗೂ ಹೊರಬರುತ್ತಿತ್ತು. ಬಳೆ ಅಲ್ಲಾಡಿಸಿದಳೆಂದರೆ ಬಂದೆ ಎಂದು ಅರ್ಥ.

ಆಮೇಲೆ ರಸ್ತೆ ಅಗಲವಾಯಿತು, ಲಾರಿಗಳು ಬಂದವು. ಎರಡು ವರ್ಷದ ಹಿಂದೆ ಒಂದು ದಿನ ದಾಟಿ ಬರುತ್ತಿದ್ದ ಕರೆಮ್ಮನನ್ನು ಲಾರಿಯೊಂದು ಸವರಿಕೊಂಡು ಹೋಯಿತು. ಮೊಳಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಅವಳ ಚಪ್ಪಲಿ ಟಾರಿಗೆ ಅಂಟಿ ಅಪ್ಪಚ್ಚಿಯಾಗಿ ಬಿದ್ದಿತ್ತು. ಅದನ್ನು ಕಂಡ ಉಚ್ಚೆಂಗಮ್ಮನಿಗೆ ಮೂರು ದಿನ ಅನ್ನ ಇಳಿಯಲಿಲ್ಲ. ತಿಂಗಳೊಳಗೆ ಹೊಸಪೇಟೆಗೆ ಹೋಗಿ ಒಗೆಯುವ ಮಷಿನ್ ತಂದಳು, ಒಂದು ಕಡೆ ಒಗೆಯುವ, ಇನ್ನೊಂದು ಕಡೆ ಗಿರ್ರನೆ ತಿರುಗಿ ಹಿಂಡುವ ಜಾತಿಯದು. ತಂದವಳೇ ಕರೆಮ್ಮನಿಗೆ ಹೇಳಿದಳು, "ಇನ್ನ ನೀ ಬರಾದು ಬ್ಯಾಡ. ಮಷಿನ್ ಐತಿ."

ಪ್ರಾಣ ಉಳಿಸಿದೆ ಅಂದುಕೊಂಡಿದ್ದಳು, ಪಾಪ. ನಿನಗೇನಾದರೂ ಆದರೆ ನಾ ಹೆಂಗಿರಲಿ ಎಂಬ ಇನ್ನೊಂದು ಮಾತು ಸೇರಿಸಿದ್ದರೆ ಇವಳ ಗಂಟೇನು ಹೋಗುತ್ತಿತ್ತು? ಸೇರಿಸಲಿಲ್ಲ. ಕರೆಮ್ಮ ಒಂದು ಗಳಿಗೆ ಮಷಿನ್ನನ್ನು ನೋಡಿದಳು. "ಆತು ಬಿಡವ್ವಾ" ಎಂದು ಹೊರಟುಹೋದಳು. ಚೆಂಗೀ ಅನ್ನಲಿಲ್ಲ.

ಯುಗಾದಿಗೆ ಹೋಳಿಗೆ ಕಟ್ಟಿಕೊಂಡು, ಅರ್ಧ ಗಂಟೆ ರಸ್ತೆ ಬದಿಯಲ್ಲಿ ನಿಂತು, ಉಚ್ಚೆಂಗಮ್ಮ ತಾನೇ ದಾಟಿ ಹೋಗಿದ್ದಳು. ಕರೆಮ್ಮ ಕುರ್ಚಿ ಹಾಕಿಸಿದಳು. "ಕುಂದ್ರಿ" ಎಂದಳು. ಸೊಸೆಯ ಕೈಯಲ್ಲಿ ಚಾ ಕಳಿಸಿದಳು. ಇಪ್ಪತ್ತು ವರ್ಷ ಲೇ ಅಂದವಳು ಮರ್ಯಾದೆ ಕೊಟ್ಟಾಗ ಆಗುವ ನೋವು ಬೈಗುಳದಲ್ಲಿಲ್ಲ. ಉಚ್ಚೆಂಗಮ್ಮ ಚಾ ಕುಡಿದು ಎದ್ದು ಬಂದಳು, ಮತ್ತೆ ಹೋಗಲಿಲ್ಲ.

ಉಳಿದದ್ದು ಆ ಕಿಟಕಿಯೊಂದು. ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಮೂರಕ್ಕೆ ಟ್ಯಾಂಕರ್ ಬಂದು ರಸ್ತೆಗೆ ನೀರು ಹೊಡೆಯುತ್ತಿತ್ತು. ಕಾಲು ಗಂಟೆ ಧೂಳು ಅಡಗುತ್ತಿತ್ತು. ಆ ಹೊತ್ತಿಗೆ ಊರಿನ ಕಿಟಕಿಗಳೆಲ್ಲ ತೆರೆಯುತ್ತಿದ್ದವು, ಕರೆಮ್ಮನದೂ ತೆರೆಯುತ್ತಿತ್ತು. ಕಾಳು ಆರಿಸುವ ಅವಳ ಕೈ, ಮೊಮ್ಮಗುವನ್ನು ಎತ್ತಿಕೊಂಡ ಹೆಗಲು, ಎರಡು ಲಾರಿಗಳ ನಡುವೆ ಕಂಡಷ್ಟು ಕಾಣುತ್ತಿತ್ತು. ಹೊಸ ಕೋಣೆಯಲ್ಲಿ ದಿನವೆಲ್ಲ ಕಳೆಯಬೇಕಾದವಳಿಗೆ ಅದೂ ತಪ್ಪಿದರೆ ಉಳಿಯುವುದೇನು? ತಾನೂ ಅದೇ ಹೊತ್ತಿಗೆ ಕಿಟಕಿ ತೆರೆದರೆ, ಒಂದಲ್ಲ ಒಂದು ದಿನ ಆ ಕೈ ಸಂದಿನಿಂದ ಹೊರಬಂದೀತು ಎಂಬ ಆಸೆ ಅವಳಿಗೆ.

"ನೀನ ಹೊಸಪ್ಯಾಟಿಗೆ ಹೋಗಿ ಬಾಗ್ಲ ಕಿಟಕಿ ನೋಡ್ಕಂಡು ಬಾ. ಕಣ್ಣಿಗೆ ಬಿದ್ರ ಮನಸ್ಸಾಗತೈತಿ" ಎಂದು ಗಾದಿಲಿಂಗಪ್ಪ ಅಂದಿದ್ದಕ್ಕೆ, ಮರುದಿನ ಮೊದಲ ಬಸ್ಸಿಗೇ ಹೊರಟಳು.

ಹೊಸಪೇಟೆಯ ಅಂಗಡಿಯಲ್ಲಿ ಬಾಗಿಲುಗಳು ಗೋಡೆಯಿಲ್ಲದೆ ಸಾಲಾಗಿ ನಿಂತಿದ್ದವು. ಉಚ್ಚೆಂಗಮ್ಮ ಒಂದೊಂದನ್ನೂ ತೆರೆದು ಮುಚ್ಚಿ ನೋಡಿದಳು. ಮರದ್ದು ನೀರು ಕುಡಿದು ಉಬ್ಬುತ್ತದೆ. ಕಬ್ಬಿಣದ್ದು ತುಕ್ಕು ಹಿಡಿಯುತ್ತದೆ, ಬಿಳಿ ಸೀರೆಗೆ ತಾಗಿದರೆ ಕಲೆ ಜನ್ಮಕ್ಕೂ ಹೋಗದು. ಪ್ಲಾಸ್ಟಿಕ್ಕಿನದೇ ವಾಸಿ, ಹೊರಕ್ಕೆ ತೆರೆಯುವಂಥದ್ದು, ಒಳಗೆ ಮಷಿನ್ನಿಗೆ ಅಡ್ಡ ಬರಬಾರದು. ಬಾಗಿಲಿನ ವಿಷಯದಲ್ಲಿ ಅವಳ ತಲೆ ಚುರುಕಾಗಿಯೇ ಓಡಿತು. ಅಂಗಡಿಯವನು ಅಲ್ಯೂಮಿನಿಯಮ್ ಕಿಟಕಿ ಸರಿಸಿ ತೋರಿಸಿದ. ಅದರಲ್ಲಿ ಗಾಜು, ಜಾಳಿಗೆ ಎಲ್ಲ ಇತ್ತು, ಕೈ ತೂರುವಷ್ಟು ಸಂದು ಮಾತ್ರ ಇರಲಿಲ್ಲ.

"ಮನ್ಯಾಗ ಎಷ್ಟು ಮಂದಿ ಅದೀರವ್ವಾ?" ಎಂದು ಕೇಳಿದ.

"ನಾನು, ಮತ್ತ ಮಷಿನ್ನು."

ಅವನು ತಮಾಷೆ ಅಂದುಕೊಂಡು ನಕ್ಕ. ಅವಳೂ ಸ್ವಲ್ಪ ನಕ್ಕಳು.

ವಾಪಸು ಬರುವ ಬಸ್ಸಿನಲ್ಲಿ ಮನಸ್ಸು ಗಟ್ಟಿಯಾಯಿತು. ಇಳಿದವಳು ನೇರ ನಿಲ್ದಾಣದ ಹತ್ತಿರವಿದ್ದ ಗಾದಿಲಿಂಗಪ್ಪನ ಶೆಡ್ಡಿಗೆ ಹೋದಳು. "ಬಾಗ್ಲ ಹಿಂದಕ್ಕ, ಪ್ಲಾಸ್ಟಿಕ್ಕಿಂದು. ಕಿಟಕಿ ರಸ್ತಿ ಕಡಿ. ಕಬ್ಬಿಣದ ಸರಳಿರಬೇಕು, ಗಟ್ಟಿ ಕದ ಇರಬೇಕು."

"ಧೂಳು?"

"ಟ್ಯಾಂಕರ್ ಬಂದಾಗಷ್ಟ ತೆಗೀತೀನಿ. ಮ್ಯಾಲ ಒದ್ದಿ ಗೋಣಿಚೀಲ ಇಳಿಬಿಡ್ತೀನಿ."

"ನಿನ್ನ ಬಟ್ಟಿ, ನಿನ್ನ ಹಣೆಬರ" ಎಂದ ಅವನು. "ಸರಳಿನ ಕಿಟಕಿ ಒಂದು ಇವತ್ತ ಬಂದೈತಿ ನೋಡು. ಹಳೇದು, ಸಾಗವಾನಿ. ಬೆಳಿಗ್ಗಿ ತಂದು ಕುಂದರಿಸಿಬಿಡ್ತೀನಿ."

ಅವತ್ತು ಕತ್ತಲಾದ ಮೇಲೆ ಮನೆ ಸೇರಿ ಅವಳು ಹೊಟ್ಟೆ ತುಂಬ ಉಂಡಳು.

ಬೆಳಿಗ್ಗೆ ಟ್ಯಾಂಕರ್ ಬರುವ ಮೊದಲೇ ಲಗೇಜ್ ಆಟೋದಿಂದ ಕಿಟಕಿ ಇಳಿಸಿ ಗಾದಿಲಿಂಗಪ್ಪ ಗೋಡೆಗೆ ಒರಗಿಸಿದ. ಉಚ್ಚೆಂಗಮ್ಮ ಸೆರಗಿನಿಂದ ಧೂಳು ಒರೆಸಲು ಬಗ್ಗಿದಳು. ಒಂದು, ಎರಡು. ಮೂರನೆಯ ಸರಳು ಬಗ್ಗಿತ್ತು. ಹಾರೆಯ ತುದಿ ಊರಿದ ಕಡೆ ಚೌಕಟ್ಟಿನಲ್ಲಿ ಅವಳೇ ಮಾಡಿದ ಕಚ್ಚು ಹಾಗೇ ಇತ್ತು.

"ಎಲ್ಲಿದಿದು?" ಎಂದಳು. ಗೊತ್ತಿದ್ದೂ ಕೇಳಿದಳು.

"ಇಲ್ಲೇ, ಎದುರು ಮನಿದು. ಹೊನ್ನೂರುಸ್ವಾಮಿ ಮಗೀಗೆ ಧೂಳಿಗೆ ಉಬ್ಬಸ ಹತ್ತೈತಿ. ನೀ ಹೊಸಪ್ಯಾಟಿಗೆ ಹೋದಾಗ ಬಾಗ್ಲ ಕಿಟಕಿ ಎಲ್ಲಾ ಕಿತ್ತು ಈ ಕಡಿ ಮುಚ್ಚಿಬಿಟ್ರು. ಇನ್ನ ಅವರದು ಹಿಂದಿನ ಓಣ್ಯಾಗ ಓಡಾಟ."

ಅವಳು ರಸ್ತೆಯಾಚೆ ನೋಡಿದಳು. ಲಾರಿ, ಆಮೇಲೆ ಇನ್ನೊಂದು ಲಾರಿ. ಅವೆರಡರ ನಡುವೆ ಬೂದು ಬಣ್ಣದ ಬ್ಲಾಕಿನ ಗೋಡೆ ಕಂಡಿತು. ಅದರ ಸಿಮೆಂಟು ಇನ್ನೂ ಹಸಿಯಾಗಿತ್ತು. ಕರೆಮ್ಮ ತನ್ನ ಮೇಲಿನ ಸಿಟ್ಟಿಗೆ ಮುಚ್ಚಿದ್ದರೆ ಜಗಳವಾದರೂ ಆಡಬಹುದಿತ್ತು. ಮಗುವಿನ ಉಬ್ಬಸದ ಮುಂದೆ ಏನು ಜಗಳ ಆಡುವುದು? ಉಚ್ಚೆಂಗಮ್ಮನಿಗೆ ಅಳು ಬಂತು. ಬಡಗಿಯ ಎದುರು ಬೇಡವೆಂದು ಕಣ್ಣಿಗೆ ಧೂಳು ಬಿತ್ತು ಅಂದಳು. ಆ ಊರಿನಲ್ಲಿ ಅದನ್ನು ಯಾರೂ ಅನುಮಾನಿಸುವುದಿಲ್ಲ.

ಗಾದಿಲಿಂಗಪ್ಪ ಕೇಳಿದ, "ಈಗರ ಹಿಂದಕ್ಕ ಹಾಕ್ಲೇನು? ಈ ಕಡಿ ನೋಡಾದೇನೈತಿ?"

"ಹೇಳಿದ ಕಡೀನ ಹಾಕು."

ಹಾಕಿದ. ಹಿಂದೆ ಪ್ಲಾಸ್ಟಿಕ್ ಬಾಗಿಲೂ ಕೂತಿತು. ಒಳಗೆ ಬಟ್ಟೆ ಬೆಳ್ಳಗೆ ಒಣಗಿದವು, ನರ್ಸಮ್ಮಗಳು ಮೆಚ್ಚಿದರು. ಟ್ಯಾಂಕರ್ ಬಂದು ಹೋದಾಗಲೆಲ್ಲ ಉಚ್ಚೆಂಗಮ್ಮ ಕದ ತೆರೆದು ಕಾಲು ಗಂಟೆ ನಿಂತು, ಗೋಡೆ ನೋಡಿ, ಮುಚ್ಚುವಳು.

ಹತ್ತು ದಿನ ಕಳೆದ ಮೇಲೆ ಮೇಷ್ಟ್ರೊಬ್ಬರ ಮನೆಯಿಂದ ರಗ್ಗು ಬಂತು, ಮಷಿನ್ ತಂದ ಮೇಲೆ ಬಂದದ್ದರಲ್ಲೆಲ್ಲ ದಪ್ಪನೆಯದು. ಮಷಿನ್ನಿನ ಹಿಂಡುವ ಡಬ್ಬಿಗೆ ಅದು ಹಿಡಿಸಲಿಲ್ಲ. ಎರಡು ಸಲ ತುರುಕಿದಳು, ಎರಡು ಸಲವೂ ಮಷಿನ್ ಗಡಗಡ ಅಲುಗಿ ನಿಂತುಹೋಯಿತು. ಕಡೆಗೆ ರಗ್ಗಿನ ಒಂದು ತುದಿಯನ್ನು ಕಿಟಕಿಯ ಮೂರನೆಯ ಸರಳಿಗೆ, ಆ ಬಗ್ಗಿದ ಜಾಗಕ್ಕೆ, ಸುತ್ತಿ ಗಂಟು ಹಾಕಿದಳು. ಇನ್ನೊಂದು ತುದಿ ಹಿಡಿದು ಹಿಂದೆ ಸರಿದು ಎಡಕ್ಕೆ ತಿರುವತೊಡಗಿದಳು. ಸರಳು ಗಟ್ಟಿಯಾಗಿ ಹಿಡಿದುಕೊಂಡಿತು. ನೀರು ಧಾರೆಯಾಗಿ ಇಳಿದು ಮೋರಿಗೆ ಹರಿಯಿತು.

ಅರ್ಧ ಹಿಂಡಿದ ಮೇಲೆ ಅವಳು ತನಗೇ ತಿಳಿಯದೆ ಕಾಲು ಅಗಲಿಸಿ, ಹಿಮ್ಮಡಿ ಊರಿ ನಿಂತುಕೊಂಡಳು. ಕರೆಮ್ಮ ಜಗ್ಗುತ್ತಿದ್ದದ್ದು ಈ ಹೊತ್ತಿಗೇ. ಸ್ವಲ್ಪ ಹೊತ್ತು ಹಾಗೇ ಕಾದಳು. ಆಮೇಲೆ ಇನ್ನೊಂದು ಸುತ್ತು ತಿರುವಿದಳು.