ಮಣ್ಣಲ್ಲಿ ಕುಂತ ನಾಣ್ಯ

ನಮ್ಮವ್ವ ಬಾಳವ್ವನಿಗೆ ಆ ಬಂಗಾರದ ನಾಣ್ಯ ಕೊಟ್ಟವರ ಹೆಸರು ತೆಗೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ನನ್ನ ತಮ್ಮ ಗುರುಪುತ್ರಪ್ಪ ನೌಕಾಪಡೆಯಲ್ಲಿದ್ದ. ಎಪ್ಪತ್ತೊಂದರ ಯುದ್ಧದಲ್ಲಿ ಅವನ ಹಡಗು ಮುಳುಗಿತು. ನಮ್ಮೂರು ಖಾನಾಪುರಕ್ಕೆ ತಂತಿ ಬಂತು, ಹೆಣ ಬರಲಿಲ್ಲ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣಿನಲ್ಲಿ ಕೂರಿಸುತ್ತೇವೆ. ಕೂರಿಸಲು ಮಗನ ಹೆಣವೇ ಇಲ್ಲದ ಅವ್ವ ಸಿಕ್ಕ ಸಿಕ್ಕ ಸಾಹೇಬರ ಮುಂದೆ ಎಂಟು ವರ್ಷ ಕೈ ಮುಗಿದಳು. "ಅವನ ಒಂದು ಅಂಗಿಯರ ತರಿಸಿ ಕೊಡ್ರಿ," ಅನ್ನುತ್ತಿದ್ದಳು. ಒಂದು ಕರ್ಚೀಫೂ ಬರಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಬೆಳಗಾವಿಯ ವ್ಯಾಪಾರಿಗಳ ಸಂಘವೊಂದು ಆ ಸಮುದ್ರಯುದ್ಧದ ನೆನಪಿಗೆಂದು ನೂರೇ ನೂರು ಬಂಗಾರದ ನಾಣ್ಯ ಮಾಡಿಸಿತು. ತೊಂಬತ್ತೊಂಬತ್ತನ್ನು ತಾವೇ ಕೊಂಡರು, ಒಂದನ್ನು ಅವ್ವನ ಕೈಗಿಟ್ಟರು. ಭಾಷಣ ಎರಡು ತಾಸು. ಅವಳಿಗೆ ಸಿಕ್ಕಿದ್ದು ಫೋಟೋ ಹೊಡೆಯುವಷ್ಟು ಹೊತ್ತು. ನಾಣ್ಯದ ಮೇಲೆ ಹಡಗಿತ್ತು, ತೋಪಿತ್ತು, ತೆರೆಯಿತ್ತು. ಮನುಷ್ಯರು ಒಬ್ಬರೂ ಇರಲಿಲ್ಲ.

ಅವ್ವ ಅದನ್ನು ಪೆಟ್ಟಿಗೆಯಲ್ಲಿ ಇಡಲಿಲ್ಲ. ಜಂಗಮ ಬಸಯ್ಯನವರನ್ನು ಕರೆಸಿ, ಹೊಲದಲ್ಲಿ ಅಪ್ಪನ ಸಮಾಧಿಯ ಬಾಜು ಕುಣಿ ತೆಗೆಸಿದಳು. ನಾಣ್ಯಕ್ಕೆ ವಿಭೂತಿ ಹಚ್ಚಿ, ಪತ್ರಿ ಏರಿಸಿ ಮಣ್ಣು ಮಾಡಿದಳು. ಎಂಟು ವರ್ಷ ಅಳದೇ ಇದ್ದವಳು ಅಂದು ಬೋರಾಡಿ ಅತ್ತಳು.

ಆಮೇಲೆ ಆರು ವರ್ಷಕ್ಕೆ, ನಾನು ಬೆಳಗಾವಿಯಲ್ಲಿ ದುಡಿಯುತ್ತಿದ್ದ ಫೌಂಡ್ರಿಯ ಮಾಲಕ ದುಂಡಪ್ಪನಿಗೆ ಈ ಸುದ್ದಿ ಮುಟ್ಟಿತು. ಅವನಿಗೆ ನಾಣ್ಯ ಕೂಡಿಸುವ ಹುಚ್ಚು.

"ಉಳವಪ್ಪಾ, ಅಂಥಾದ್ದು ಈಗ ಹುಡುಕಿದ್ರೂ ಸಿಗೂದಿಲ್ಲ. ಬಂಗಾರ ಮಣ್ಣಾಗ ಇದ್ರ ಕೆಡತೈತೇನು? ತಗದು ಕೊಡು, ನಿನಗ ಮನಿ ಕಟ್ಟಿಸಿ ಕೊಡತೀನಿ," ಎಂದ.

ಸಮಾಧಿ ಅಗೆದು ಕೊಡು ಎನ್ನಲು ಅವನಿಗೆ ನಾಚಿಕೆ ಇರಲಿಲ್ಲ. ಹೂಂ ಎನ್ನಲು ನನಗೂ ಇರಲಿಲ್ಲ. ಸಲಿಕೆ ಹಿಡಿದು ಹೊಲಕ್ಕೆ ಹೋದೆ, ಅವನೂ ಬೆನ್ನಿಗೆ ಬಂದ.

ಕಸ ತೆಗೆಯುತ್ತಿದ್ದ ಅವ್ವ ನಮ್ಮನ್ನು ನೋಡಿದಳು. ನೆಟ್ಟಗೆ ಬಂದು ಮಗನ ಸಮಾಧಿಯ ಮೇಲೆ ಕುಳಿತಳು. ಬಂಗಾರ ಕೆಡುವುದಿಲ್ಲ ಎಂಬ ಮಾತನ್ನು ದುಂಡಪ್ಪ ಅವಳಿಗೂ ಹೇಳಿದ.

"ನನಗೂ ಗೊತ್ತೈತ್ರಿ ಸಾವಕಾರ್ರ. ಉಳಿದವರ ಮಕ್ಕಳು ಮಣ್ಣಾಗ ಮಣ್ಣಾಗ್ಯಾರ. ನನ್ನ ಮಗಾ ಇದ್ದಂಗ ಕುಂತಾನ."

ಆಮೇಲೆ ನನ್ನ ಕೈಯ ಸಲಿಕೆ ನೋಡಿದಳು.

"ಅವನ್ನ ಎಬ್ಬಸಾಕ ಬಂದೀಯಲಾ, ನೀ ಅವಗ ಏನಾಗಬೇಕು?"

ಅವನ ಅಣ್ಣ ನಾನು, ಸಲಿಕೆ ಕೆಳಗೆ ಹಾಕಿದೆ.