ಮೈಕ್‌ಸೆಟ್ ಮಾವನ ಟೆಸ್ಟಿಂಗ್ ಹಾಡು

ಕಳೆದ ವಾರ ಶ್ರೀರಂಗಪಟ್ಟಣದ ಪೇಟೆಬೀದಿಯಲ್ಲಿ ಮಿಕ್ಸಿ ರಿಪೇರಿಗೆ ಕೊಟ್ಟು ನಿಂತಿದ್ದೆ. ಅಂಗಡಿಯವರು ಒಳಗಿನ ವೈರಿಗೆ ಬೆಸುಗೆ ಹಾಕತೊಡಗಿದರು. ರಾಳ ಕರಗಿ ಸಣ್ಣಗೆ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಕ್ಕಿಹೆಬ್ಬಾಳಿಗೆ ಹೋಗಿಬಿಟ್ಟೆ... ಅಜ್ಜಿಯ ಪಕ್ಕದ ಮನೆಯ ಜಗಲಿ, ಬಿಚ್ಚಿಟ್ಟ ಆಂಪ್ಲಿಫೈಯರು, ಅದರೊಳಗೆ ತಲೆ ಹುದುಗಿಸಿ ಕೂತ ಮೈಕ್‌ಸೆಟ್ ಮಾವ.

ಮಾವ ನಮಗೆ ನೆಂಟರೇನಲ್ಲ. ಪಕ್ಕದ ಮನೆಯವರು, ಅಷ್ಟೇ. ತೊಂಬತ್ತರ ದಶಕದ ಆ ದಿನಗಳಲ್ಲಿ ಶೀಳನೆರೆಯಿಂದ ಮಾಕವಳ್ಳಿಯವರೆಗೆ ಎಲ್ಲಿ ಮದುವೆಯಾದರೂ ತೆಂಗಿನ ಮರ ಹತ್ತಿ ಮೈಕ್‌ಸೆಟ್ಟಿನ ಹಾರನ್ನು ಕಟ್ಟುತ್ತಿದ್ದವರು ಅವರೇ. ಅವರಿಗೂ ಅವರ ಹೆಂಡತಿ, ನಾನು ಅತ್ತೆ ಎನ್ನುತ್ತಿದ್ದವರಿಗೂ ಮಕ್ಕಳಿರಲಿಲ್ಲ.

ನನ್ನನ್ನು ಅಜ್ಜಿಯ ಮನೆಗೆ ಬಿಟ್ಟಾಗ ನನಗೆ ಎಂಟು ವರ್ಷ. ಅಪ್ಪ ಅಷ್ಟರಲ್ಲಾಗಲೇ ಇನ್ನೊಂದು ಸಂಸಾರ ಮಾಡಿಕೊಂಡು ನಮ್ಮ ಕಡೆ ತಲೆ ಹಾಕುವುದನ್ನು ನಿಲ್ಲಿಸಿದ್ದರು. ಅವ್ವ ನನ್ನನ್ನು ಕರೆತಂದು, ಮಾರನೆಯ ದಿನ, "ಅಬ್ಬಕ್ಕೆ ಬಂದ್ಬುಡ್ತೀನಿ, ಅಜ್ಜಿ ಏಳ್ದಂಗೆ ಕೇಳ್ಕೊಂಡಿರು" ಎಂದು ರೈಲು ಹತ್ತಿದಳು. ಯಾವ ಹಬ್ಬ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾಗಾಗಿ ಪ್ರತಿ ಹಬ್ಬಕ್ಕೂ ತಲೆ ಬಾಚಿಕೊಂಡು ಸ್ಟೇಷನ್ನಿಗೆ ಹೋಗಿ ನಿಲ್ಲುತ್ತಿದ್ದೆ. ಅವಳಿಗೂ ಬೇರೆ ಸಂಸಾರವಾಗಿದೆ ಎಂಬುದು ಊರಿಗೆಲ್ಲ ಗೊತ್ತಾಗಿ, ಕೊನೆಗೆ ನನಗೆ ಗೊತ್ತಾಯಿತು.

ಸಪ್ಪೆ ಮೋರೆ ಹಾಕಿಕೊಂಡು ಬರುವ ನನ್ನನ್ನು ಮಾವ ಜಗಲಿಗೆ ಕರೆದು ಕೈಗೆ ಮೈಕು ಕೊಡುತ್ತಿದ್ದರು. "ಏನಾರ ಮಾತಾಡು ಮಗ, ಇದು ಸರಿಯಾಗದಾ ನೋಡಾನ." ನಾನು ಎರಡರ ಮಗ್ಗಿ ಹೇಳುತ್ತಿದ್ದೆ. ನನ್ನ ಮಗ್ಗಿಯಿಲ್ಲದೆ ಅವರ ಮೈಕು ಸರಿಹೋಗುವುದೇ ಇಲ್ಲವೆಂದು ಎಷ್ಟೋ ವರ್ಷ ನಂಬಿದ್ದೆ. ದಡ್ಡಿ ಅಂದರೆ ದಡ್ಡಿ.

ಮಾವನದೊಂದು ಪದ್ಧತಿಯಿತ್ತು. ಶುಭಕಾರ್ಯದ ಮನೆಯಲ್ಲಿ ಮೊದಲ ಹಾಡು ದೇವರದ್ದೇ ಆಗಬೇಕು. ಆದರೆ ಅದಕ್ಕೂ ಮುಂಚೆ ಹಾರನ್ನಿನ ಪರೀಕ್ಷೆಯಾಗಬೇಕಲ್ಲ? ದೇವರ ಹಾಡು ಹಾಕಿ ಅದು ಕೊರಕೊರ ಎಂದು ನಿಂತರೆ ಅಪಶಕುನ. ಸಿನಿಮಾ ಹಾಡು ಮೊದಲು ಹಾಕಿದರೆ ಹಿರಿಯರು ಬೈಯುತ್ತಾರೆ. ಅದಕ್ಕೆ ಮಾವ ಮೈಸೂರಿನ ಫುಟ್‌ಪಾತಿನಿಂದ ಒಂದು ಇಂಗ್ಲಿಷ್ ಕ್ಯಾಸೆಟ್ಟು ತಂದಿದ್ದರು. ಗಿಟಾರು, ಡ್ರಮ್ಮು, ನಡುವೆ ಗಂಟಲು ಹರಿಯುವಂತೆ ಕೂಗುವ ಒಬ್ಬ ಗಂಡಸು. "ಇದು ಯಾರ ಭಾಸೆನೂ ಅಲ್ಲ ಕಣ್ರಲಾ, ಶಕುನುಕ್ಕೆ ಬರಾಕಿಲ್ಲ" ಎಂಬುದು ಅವರ ವಾದ. ಊರು ಒಪ್ಪಿತ್ತು. ಅದಕ್ಕೆ ಟೆಸ್ಟಿಂಗ್ ಹಾಡು ಎಂದೇ ಹೆಸರಾಯಿತು. ಅದು ಶುರುವಾದರೆ ಚಪ್ಪರದಡಿ ಮಕ್ಕಳೆಲ್ಲ ಕುಣಿಯುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ಕುಣಿಯುತ್ತಿದ್ದವಳು ನಾನು.

ಕೆ.ಆರ್. ಪೇಟೆಯಲ್ಲಿ ಪಿಯುಸಿಗೆ ಸೇರಿದ ಮೇಲೆ ನನಗೆ ಇಂಗ್ಲಿಷಿನ ಹುಚ್ಚು ಹಿಡಿಯಿತು. ಒಂದು ಮಧ್ಯಾಹ್ನ ಮಾವನ ಕ್ಯಾಸೆಟ್ಟಿನ ಡಬ್ಬಿಯೊಳಗೆ ಮಡಚಿಟ್ಟ ಕಾಗದ ಕಂಡಿತು. ಇರುವೆಯಂಥ ಅಕ್ಷರದಲ್ಲಿ ಹಾಡು ಪೂರ್ತಿ ಅಚ್ಚಾಗಿತ್ತು. ಡಿಕ್ಷನರಿ ತಂದು ಜಗಲಿಯಲ್ಲೇ ಕೂತು ಒಂದೊಂದೇ ಪದ ಬಿಡಿಸಿದೆ. ಕೊನೆಯ ಸಾಲಿಗೆ ಬಂದಾಗ ಡಿಕ್ಷನರಿ ಮುಚ್ಚಿಟ್ಟೆ.

"ಏನಂತೆ ಮಗ ಅದು?" ಮಾವ ಬೆಸುಗೆಯಿಂದ ತಲೆಯೆತ್ತಲಿಲ್ಲ.

ಹೇಳಿದೆ. ಅಪ್ಪ ಅಮ್ಮ ಒಂದು ಮಗುವಿಗೆ ಬೂಟು ತೊಡಿಸಿ, ಬೇಗ ಬರುತ್ತೇವೆಂದು ಮೆಟ್ಟಿಲ ಮೇಲೆ ಕೂರಿಸಿ ಹೋಗುತ್ತಾರೆ. ಬರುವುದಿಲ್ಲ. ಮಗು ಬೆಳೆಯುತ್ತದೆ, ಬೂಟು ಬಿಗಿಯಾಗುತ್ತದೆ. ಬಿಚ್ಚಿದರೆ ಎಲ್ಲಿ ಅವರು ಬಂದಾಗ ತಡವಾಗುತ್ತದೋ ಎಂದು ಬಿಚ್ಚುವುದೇ ಇಲ್ಲ. ಆ ಗಂಡಸು ಕೂಗುವುದು ಅದನ್ನೇ.

ಬೆಸುಗೆ ಕಡ್ಡಿ ಹಿಡಿದ ಕೈ ಹಾಗೇ ನಿಂತಿತು. ಹೊಗೆ ಏಳುತ್ತಲೇ ಇತ್ತು...

"ಅಯ್ಯೋ ಸಿವನೆ. ಮಗ ಅಳದ ಆಕ್ಬುಟ್ಟು ಇಷ್ಟು ವರ್ಸ ಊರ್ನೆಲ್ಲ ಕುಣಿಸ್ಬುಟ್ನಲ್ಲವ್ವ." ಆಮೇಲೆ ನನ್ನ ಮುಖ ನೋಡದೆ ಕೇಳಿದರು. "ಕೊನೇಗೆ ಬಂದ್ರಾ ಅವ್ರು?"

"ಇಲ್ಲ ಮಾವ. ಆಡು ಮುಗ್ದೋಯ್ತದೆ."

ಅಂದು ನಾನು ಅತ್ತುಬಿಟ್ಟೆ. ಸ್ಟೇಷನ್ನಿನಲ್ಲಿ ಒಂದು ದಿನವೂ ಅಳದವಳು ಆ ಜಗಲಿಯಲ್ಲಿ ಬಿಕ್ಕಿಬಿಕ್ಕಿ ಅತ್ತೆ. ಮಾವ ಬೆಸುಗೆ ಕಡ್ಡಿ ಕೆಳಗಿಟ್ಟು ಪಕ್ಕಕ್ಕೆ ಬಂದು ಕೂತರು.

ಮುಂದಿನ ಮದುವೆಯಲ್ಲಿ ಮಾವ ಮೈಕಿಗೆ ತಾವೇ ಬಾಯಿಟ್ಟು, "ಅಲೋ, ಅಲೋ, ಒನ್, ಟೂ, ತ್ರೀ" ಎಂದರು. ಟೆಸ್ಟಿಂಗ್ ಹಾಡು ಎಲ್ಲಿ ಎಂದು ಹುಡುಗರು ಗಲಾಟೆ ಮಾಡಿದಾಗ, "ಟೇಪು ಸಿಕ್ಕಾಕೊಂಡು ಅರ್ದೋಯ್ತು ಕಣ್ರಲಾ" ಎಂದರು. ಮಾವನಿಗೆ ವಯಸ್ಸಾಯಿತು, ಸೆಟ್ಟಿನ ದಮ್ಮು ಹೋಯಿತು ಎಂದು ಜನ ಆಡಿಕೊಂಡರು. ಜನ ಅಂದಿದ್ದನ್ನೆಲ್ಲ ಮಾವ ಅನ್ನಿಸಿಕೊಂಡರು.

ಎರಡು ವರ್ಷಕ್ಕೆ ಶ್ರೀರಂಗಪಟ್ಟಣದಿಂದ ನನಗೆ ಸಂಬಂಧ ಬಂತು. ಅಜ್ಜಿ ಅವ್ವನಿಗೆ ಲಗ್ನಪತ್ರಿಕೆ ಕಳಿಸಿದಳು. ಉತ್ತರ ಬರಲಿಲ್ಲ. ಆದರೂ ಆಸೆ ಎಂಬುದಕ್ಕೆ ನಾಚಿಕೆಯಿಲ್ಲ. ಮುಹೂರ್ತದ ಬೆಳಿಗ್ಗೆ ಅರಿಶಿನದ ಸೀರೆಯುಟ್ಟು ಕೂತವಳು ರೈಲಿನ ಸದ್ದಿಗೇ ಕಿವಿ ಕೊಟ್ಟಿದ್ದೆ. ಅಷ್ಟರಲ್ಲಿ ಅಜ್ಜಿ ಹೊರಗೆ ರೇಗುವುದು ಕೇಳಿಸಿತು. ಮಾವ ಒಂದು ಹಾರನ್ನನ್ನು ಊರ ಕಡೆಗೆ ಕಟ್ಟುವುದು ಬಿಟ್ಟು ಸ್ಟೇಷನ್ನಿನ ದಿಕ್ಕಿಗೆ ಕಟ್ಟಿದ್ದರಂತೆ.

"ಅತ್ತಗಿಂದ ಯಾರ್ಲಾ ಕೇಳ್ತರೆ ನಿನ್ ಆಡ?"

ಮಾವ ಹೋಗಿ ಆಂಪ್ಲಿಫೈಯರಿನ ಮುಂದೆ ಕೂತರು. ರೈಲು ಬಂದು ನಿಂತಿತು. ನಡೆಯುತ್ತಿದ್ದ ಹಾಡು ಥಟ್ಟನೆ ನಿಂತು ಮಾವನ ದನಿ ಬಂತು. "ರೈಲಿನಿಂದ ಇಳಿದ ಬಂಧುಗಳು ಗಮನಿಸಬೇಕು" ಎಂದು ಪುಸ್ತಕದ ಕನ್ನಡದಲ್ಲಿ ಶುರುಮಾಡಿ ತೊದಲಿದರು. ಆಮೇಲೆ ಅವರದೇ ಮಾತು. "ಮದ್ವೆ ಮನೆ ಇಲ್ಲೇ ಅದೆ. ಯಾರೂ ಏನೂ ಕೇಳಾಕಿಲ್ಲ, ಯಾರೂ ಏನೂ ಅನ್ನಾಕಿಲ್ಲ. ಮಗ ಕಾಯ್ತಾ ಅದೆ. ಬಂದ್ಬುಡ್ರವ್ವ."

ಮೂರು ಸಲ ಕರೆದರು. ರೈಲು ಕೂಗಿ ಹೊರಟಿತು. ಯಾರೂ ಬರಲಿಲ್ಲ.

ಧಾರೆಗೆ ದಂಪತಿ ಬೇಕಿತ್ತು. ಅಜ್ಜಿಗೆ ಗಂಡನಿರಲಿಲ್ಲ. ಪುರೋಹಿತರು, "ಹೆಣ್ಣಿನ ತಂದೆ ತಾಯಿ?" ಎಂದು ಎರಡನೆಯ ಸಲ ಕೂಗುವಷ್ಟರಲ್ಲಿ ಮಾವ ಆಂಪ್ಲಿಫೈಯರ್ ಬಿಟ್ಟು ಎದ್ದು ಬಂದರು. ಹಿಂದೆಯೇ ಅತ್ತೆ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ. ಬೆಸುಗೆಯ ಸುಟ್ಟ ಕಲೆಗಳಿದ್ದ ಆ ಬೆರಳುಗಳು ನನ್ನ ಕೈಮೇಲೆ ಹಾಲು ಎರೆದವು. ಬಂದಿದ್ದವರು ತಾವೂ ಹಾಲೆರೆದರು. ನನಗೆ ನೆನಪಿರುವುದು ಮೊದಲ ಧಾರೆ ಮಾತ್ರ. ಅದು ಬೆಚ್ಚಗಿತ್ತು.

ಮಾವ ತೀರಿಕೊಂಡು ಈಗ ನಾಲ್ಕು ವರ್ಷ. ಹನ್ನೊಂದನೆಯ ದಿನ ಅತ್ತೆ ಟ್ರಂಕಿನಿಂದ ಒಂದು ಕ್ಯಾಸೆಟ್ಟು ತೆಗೆದು ನನ್ನ ಕೈಗಿಟ್ಟರು. ಟೇಪು ಹರಿದಿರಲಿಲ್ಲ. ಚೀಟಿಯ ಮೇಲೆ ಮಾವನ ಸೊಟ್ಟ ಅಕ್ಷರದಲ್ಲಿ ಬರೆದಿತ್ತು: "ಮಗ ಇದ್ದಾಗ ಹಾಕಬಾರದು." ಅದನ್ನು ಕೇಳಲು ನಮ್ಮ ಮನೆಯಲ್ಲಿ ಟೇಪ್‌ರೆಕಾರ್ಡರಿಲ್ಲ. ಇದ್ದರೂ ಹಾಕುತ್ತಿರಲಿಲ್ಲ.

ಆ ಹಾಡಿನ ಮಗುವಿಗೆ ಯಾರೂ ಬರಲಿಲ್ಲ. ನನಗೆ ಬಂದರು... ಆದರೆ ನಾನು ಸ್ಟೇಷನ್ನಿನ ಕಡೆಗೇ ನೋಡುತ್ತಿದ್ದೆ. ಅವರು ಬಂದದ್ದು ಪಕ್ಕದ ಮನೆಯಿಂದ. ಇದನ್ನು ಮಾವನಿಗೆ ಹೇಳಬಹುದಿತ್ತು. ಅವರು ಬದುಕಿದ್ದಷ್ಟು ದಿನವೂ ಹೇಳಬಹುದಿತ್ತು. ಹೇಳಲಿಲ್ಲ.

"ಆಯ್ತು ನೋಡಿ ಅಕ್ಕ, ಟೆಸ್ಟ್ ಮಾಡ್ಬುಡಾನ" ಎಂದು ಅಂಗಡಿಯವರು ಮಿಕ್ಸಿಯ ಸ್ವಿಚ್ಚು ಒತ್ತಿದರು. ಗರ್ರೆಂದು ಅಂಗಡಿಯೆಲ್ಲ ಸದ್ದು ತುಂಬಿತು. ಆ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ ಎಂಬ ಧೈರ್ಯದ ಮೇಲೆ ಬಾಯಿಬಿಟ್ಟೇ ಅಂದೆ.

"ಕೊನೇಗೆ ಬಂದ್ರು ಮಾವ."