ಹೊಸ ಯಂತ್ರಕ್ಕೆ ಕೊಟ್ಟ ರಕ್ತ

ನಮ್ಮ ರಕ್ತಪರೀಕ್ಷೆ ಲ್ಯಾಬಿನಲ್ಲಿ ಮಕ್ಕಳ ರಕ್ತ ತೆಗೆಯುವ ಕೆಲಸ ಅಕ್ಕನದು. ಎಲ್ಲರೂ ಅವಳನ್ನು ಕರೆಯುವುದೇ ಹಾಗೆ. ಬಾಯಿ ಬಲು ಜೋರು, ಕೈ ಮಾತ್ರ ಹಗುರ. ಏನೋ ಕತೆ ಕಟ್ಟಿ ಮಗು ಬಾಯಿ ಬಿಟ್ಟುಕೊಂಡು ಕೇಳುತ್ತಿರುವಾಗಲೇ ಸೂಜಿ ಹಾಕಿ ತೆಗೆದಿರುತ್ತಿದ್ದಳು.

ಹೊಸ ಯಂತ್ರ ಬಂದರೆ, ಅದನ್ನು ನಂಬುವ ಮೊದಲು ಆರೋಗ್ಯವಂತರ ರಕ್ತ ಹಾಕಿ ನೋಡುವುದು ನಮ್ಮ ಪದ್ಧತಿ. ದೊಡ್ಡವರ ಲೆಕ್ಕಕ್ಕೆ ನಾವೇ ತೋಳು ಚಾಚಿದೆವು. ಮಕ್ಕಳದು ಯಾರು ಕೊಡುತ್ತಾರೆ, ಹೇಳಿ? ಅಕ್ಕ ತನ್ನ ಮಗಳನ್ನೇ ಕರೆತಂದಳು.

"ಗುಂಡುಕಲ್ಲಿನ ಹಾಗಿದಾಳೆ. ಇವಳಿಗಿಂತ ಗಟ್ಟಿ ಮಗು ಇದ್ರೆ ತೋರಿಸು ನೋಡೋಣ!"

ಅವಳ ರಕ್ತದಲ್ಲಿ ಉಳಿದದ್ದೆಲ್ಲ ಸರಿಯಿತ್ತು. ಲಿವರಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಎಸ್‌ಜಿಪಿಟಿ ಎಂಬ ಕಿಣ್ವ ಮಾತ್ರ ಇರಬೇಕಾದ್ದಕ್ಕಿಂತ ನಾಲ್ಕು ಪಟ್ಟು ಬಂತು.

ಅಕ್ಕ ನಕ್ಕಳು. "ಹೊಸ ಮಷೀನಂತೆ! ತಲೆ ಕೆಟ್ಟಿದೆ ಇದಕ್ಕೆ." ಯಂತ್ರ ಕೂರಿಸಲು ಬಂದಿದ್ದವನನ್ನು ಹಿಗ್ಗಾಮುಗ್ಗಾ ಝಾಡಿಸಿದಳು. ಪಾಪ, ಅವನು ಬೆವರುತ್ತ ಎಲ್ಲ ಮತ್ತೆ ಹೊಂದಿಸಿದ. ಮತ್ತೆ ಅದೇ ಅಂಕಿ. ಅದೇ ರಕ್ತವನ್ನು ನಾನು ಹಳೇ ಯಂತ್ರಕ್ಕೆ ಹಾಕಿದೆ. ಅದೂ ಅದನ್ನೇ ತೋರಿಸಿತು.

ತಪ್ಪು ಯಂತ್ರದ್ದಲ್ಲ. ಅಕ್ಕ ಕುರ್ಚಿ ಹಿಡಿದುಕೊಂಡು ಬಾಗಿಲಾಚೆ ನೋಡಿದಳು. ಹೊರಗೆ ಹುಡುಗಿ ಒಂಟಿಕಾಲಲ್ಲಿ ಕುಣಿಯುತ್ತಿದ್ದಳು.

ಮುಂದಿನ ಪರೀಕ್ಷೆಗಳಲ್ಲಿ ಕಾರಣ ಸಿಕ್ಕಿತು. ಹುಟ್ಟಿನಿಂದಲೇ ಬಂದ ದೋಷ. ಊಟದಲ್ಲಿರುವ ತಾಮ್ರ ಮೈಯಿಂದ ಹೊರಗೆ ಹೋಗದೆ ಲಿವರಿನಲ್ಲೇ ಸೇರಿಕೊಳ್ಳುತ್ತಿತ್ತು. ಡಾಕ್ಟರ ಹತ್ತಿರ ನಾನೂ ಜೊತೆಗೆ ಹೋಗಿದ್ದೆ.

"ದಿನಾ ಇವಳ ಮುಖ ತೊಳೆಯೋಳು ನಾನು. ಕಣ್ಣು ಹಳದಿ ಆಗಿದ್ರೆ ನಂಗೆ ಕಾಣ್ತಿರ್ಲಿಲ್ವಾ ಡಾಕ್ಟ್ರೇ?" ಅಕ್ಕ ಕೇಳಿದಳು.

"ಹಳದಿ ಆಗೋವರೆಗೆ ಕಾದಿದ್ರೆ ಕೈಮೀರಿ ಹೋಗಿರ್ತಿತ್ತು ಕಣಮ್ಮಾ. ಈಗ ಮಾತ್ರೆ ಇದೆ. ಬದುಕಿರೋವರೆಗೂ ನುಂಗಬೇಕು, ಅಷ್ಟೇ. ಚೆನ್ನಾಗಿರ್ತಾಳೆ."

ಅಬ್ಬಾ, ಉಸಿರು ಬಂತು ನನಗೆ. ಅಕ್ಕ ಮಗಳನ್ನು ತಬ್ಬಿಕೊಂಡು ಗಳಗಳನೆ ಅತ್ತಳು. ಡಾಕ್ಟರು ಮಾತ್ರೆಯ ಚೀಟಿ ಬರೆದುಕೊಟ್ಟು, "ಇದು ಒಡಹುಟ್ಟಿದವರಿಗೂ ಇರಬಹುದು. ಮನೇಲಿ ಇನ್ನೊಂದು ಮಗು ಇದೆಯಾ?" ಎಂದರು.

ಇತ್ತು. ಈಗಷ್ಟೇ ಮಾತು ಕಲಿಯುತ್ತಿದ್ದ ಮಗ. ಮರುದಿನ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಲ್ಯಾಬಿಗೆ ಬಂದಳು. ಪುಟ್ಟ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದಳು. ಸೂಜಿ ಎತ್ತಿಕೊಂಡಳು. ಹಾಗೇ ಕೆಳಗಿಟ್ಟಳು.

"ನೀನೇ ಚುಚ್ಚು. ನನ್ನ ಕೈಲಾಗಲ್ಲ."

ಮಗುವನ್ನು ನನ್ನ ಮಡಿಲಿಗೆ ಹಾಕಿ, ಗೋಡೆಗೆ ಮುಖ ಮಾಡಿ ನಿಂತಳು.